ಪಿಟೀಲು ಸಿಗುತ್ತದೆ, ಮಾಸ್ಟ್ರ ಸಂಬಳಕ್ಕೆ ಏನು ಮಾಡುವುದು?

ಕೇಳಿದ್ದು: ಮಲ್ಪೆ ಹತ್ತಿರದ ಒಂದು ಸರಕಾರಿ ಶಾಲೆಯಲ್ಲಿ ಶನಿವಾರ, ಭಾನುವಾರ ಪಿಟೀಲು ಕ್ಲಾಸು ನಡೆಸುತ್ತಿದ್ದೇವೆ. 12 ಮಕ್ಕಳು. ಹೆಚ್ಚಿನವರ ಅಪ್ಪ ಮೀನು ಹಿಡಿಯುವ ಬೋಟಿಗೆ ಹೋಗುತ್ತಾರೆ, ಅಮ್ಮ ಬೀಡಿ ಕಟ್ಟುತ್ತಾರೆ. ಫೀಸು ಇಲ್ಲ. ಇಷ್ಟು ದಿನ ನಾವು ನಾಲ್ಕು ಜನ ಕೈಯಿಂದ ಹಾಕಿದೆವು, ಇನ್ನು ಆಗುವುದಿಲ್ಲ. ದುಡ್ಡು ಒಟ್ಟು ಮಾಡಿ ಅನುಭವ ಇದ್ದವರು ದಾರಿ ಹೇಳಿ.

ಮಂಗಳೂರಿನಿಂದ, ಇಂಥದ್ದೇ ಕ್ಲಾಸಿಗೆ ಓಡಾಡುವವರು:

ಪಿಟೀಲು ಕೊಡಿಸುವವರು ನಿಮಗೆ ಸಿಕ್ಕೇ ಸಿಗುತ್ತಾರೆ. ಅದು ಕಣ್ಣಿಗೆ ಕಾಣುವ ವಸ್ತು. ಮಗುವಿನ ಕೈಗೆ ಕೊಟ್ಟು ಫೋಟೊ ತೆಗೆಯಬಹುದು, ಪೆಟ್ಟಿಗೆ ಮೇಲೆ ಅಜ್ಜನ ಹೆಸರು ಬರೆಸಬಹುದು. ತಲೆಬಿಸಿ ಇರುವುದು ಮಾಸ್ಟ್ರ ಸಂಬಳ, ತಂತಿ, ಬಸ್ ಚಾರ್ಜು ಇವುಗಳದ್ದು. ಇದಕ್ಕೆ ಯಾರ ಹೆಸರೂ ಬರೆಸಲಿಕ್ಕೆ ಆಗುವುದಿಲ್ಲ ಅಲ್ವಾ? ಹಾಗಾಗಿ ಮನವಿ ಬರೆಯುವಾಗ ಸಂಬಳವನ್ನೇ ಮೊದಲ ಸಾಲಿಗೆ ತನ್ನಿ. ಪಿಟೀಲು ಕೊನೆಗೆ ಇರಲಿ.

ಮೊತ್ತ ಚಿಕ್ಕದಿರಲಿ, ಪ್ರತಿ ತಿಂಗಳು ಬರಲಿ. ತಿಂಗಳಿಗೆ 300 ರೂಪಾಯಿ ಕೊಡುವ 30 ಜನ ಸಿಕ್ಕಿದರೆ 9,000 ಆಯಿತು. ಒಮ್ಮೆ 25,000 ಕೊಟ್ಟು ಶಾಲು ಹೊದೆಸಿಕೊಂಡು ಹೋಗುವ ಒಬ್ಬರಿಗಿಂತ ಇವರು ನನಗೆ ದೊಡ್ಡವರು. ಬ್ಯಾಂಕಿನಲ್ಲಿ ತಿಂಗಳ ಆಟೋ ಪೇ ಮಾಡಿಸಿಬಿಡಿ. ಪ್ರತಿ ತಿಂಗಳು ಫೋನ್ ಮಾಡಿ ನೆನಪಿಸುವುದು ಅವರಿಗೂ ಮುಜುಗರ, ನಮಗೂ ಮುಜುಗರ.

ಕೇಳುವ ಹೊತ್ತು ಕೂಡ ನೋಡಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ಮಲ್ಪೆಯಲ್ಲಿ ಬೋಟೆಲ್ಲ ದಡದಲ್ಲಿರುತ್ತದೆ, ಯಾರ ಕೈಯಲ್ಲೂ ಕಾಸು ಆಡುವುದಿಲ್ಲ. ಮೀನು ಚೆನ್ನಾಗಿ ಬೀಳಲು ಶುರುವಾದ ಮೇಲೆ ಬೋಟು ಮಾಲೀಕರ ಹತ್ತಿರ ಹೋಗಿ. ಅದೇ ಬೋಟಿನಲ್ಲಿ ದುಡಿಯುವವರ ಮಕ್ಕಳಿಗೆ ಅಂತ ಹೇಳಿದರೆ ಮಾತು ಬೇಗ ಮುಗಿಯುತ್ತದೆ.

"ಹೊಟ್ಟೆಗೆ ಕಷ್ಟ ಇರುವವರಿಗೆ ಪಿಟೀಲು ಯಾಕೆ?" ಅಂತ ಖಂಡಿತ ಕೇಳುತ್ತಾರೆ. ಸಿಟ್ಟು ಮಾಡಿಕೊಳ್ಳಬೇಡಿ. ಪಕ್ಕದ ಗೋವಾದಲ್ಲಿ ಚೈಲ್ಡ್ಸ್ ಪ್ಲೇ ಇಂಡಿಯಾ ಫೌಂಡೇಶನ್ 2009ರಿಂದ ಇದೇ ಕೆಲಸ ಮಾಡುತ್ತಿದೆ. ಕಾಲಿಂಪಾಂಗಿನ ಗಾಂಧಿ ಆಶ್ರಮ ಶಾಲೆಯಲ್ಲಿ ಕೂಲಿಯವರ ಮಕ್ಕಳು ಪಾಠದ ಜೊತೆಗೇ ಪಿಟೀಲು ಕಲಿಯುತ್ತಾರೆ, ಅಲ್ಲೇ ಊಟವೂ ಇದೆ. ವೆನೆಜುವೆಲಾದಲ್ಲಿ 1975ರಲ್ಲಿ ಶುರುವಾದ ಎಲ್ ಸಿಸ್ತೆಮಾ ದೇಶದ ತುಂಬ ಮಕ್ಕಳ ಆರ್ಕೆಸ್ಟ್ರಾ ಕಟ್ಟಿತು. ಆದರೆ ನಮ್ಮೂರಿನವರಿಗೆ ವೆನೆಜುವೆಲಾ ಹೇಳಿ ಪ್ರಯೋಜನ ಕಡಿಮೆ. ಕ್ಲಾಸಿಗೇ ಕರೆದುಕೊಂಡು ಬನ್ನಿ. ಹದಿನೈದು ನಿಮಿಷ ಸರಳೆ ವರಸೆ, ಅಂದರೆ ಮೊದಲ ಸ್ವರ ಪಾಠ, ಕೇಳಲಿ, ಅಪಸ್ವರ ಸಮೇತ.

ಟಿಕೆಟ್ ಇಟ್ಟು ದೊಡ್ಡ ಕಾರ್ಯಕ್ರಮ ಮಾಡುವ ಆಸೆ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಬೇಡ. ಹಾಲ್ ಬಾಡಿಗೆ, ಮೈಕು, ಊಟ, ಬ್ಯಾನರ್ ಅಂತ ಬಂದದ್ದೆಲ್ಲ ಹೋಗುತ್ತದೆ. ಅದರ ಬದಲು ಉಡುಪಿಯ ರಾಗಧನ, ಮಂಗಳೂರಿನ ಸಂಗೀತ ಪರಿಷತ್ ಇಂಥ ಸಂಸ್ಥೆಗಳ ಸಂಗೀತ ಕಛೇರಿಗೆ ಬರುವವರನ್ನು ಮಾತಾಡಿಸಿ. ಮೊದಲ ಸಾಲಿನ ರಸಿಕರಿಗೆ ಒಂದು ಒಳ್ಳೆಯ ಕಮಾನಿನ ಬೆಲೆ ವಿವರಿಸಬೇಕಾಗಿಲ್ಲ.

ಇನ್ನೊಂದು. ವೇದಿಕೆಯಲ್ಲಿ "ಬಡ ಮಕ್ಕಳು, ಬಡ ಮಕ್ಕಳು" ಅಂತ ಮೈಕಿನಲ್ಲಿ ಕೂಗಿಸಬೇಡಿ. ಹನ್ನೆರಡು ವರ್ಷದ ಹುಡುಗಿಗೆ ಅದು ಹೇಗೆ ಕೇಳುತ್ತದೆ ಯೋಚಿಸಿ. "ಪಿಟೀಲು ವಿದ್ಯಾರ್ಥಿಗಳು" ಅಂದರೆ ಸಾಕು.

ಲೆಕ್ಕಪತ್ರದ ಕೆಲಸದಲ್ಲಿರುವವರು, ಮಂಗಳೂರು:

ಗಲ್ಫಿನಲ್ಲಿರುವ ನೆಂಟರು ಕಳಿಸುತ್ತೇವೆ ಅಂದ ಕೂಡಲೇ ಅಕೌಂಟ್ ನಂಬರ್ ಕೊಡಬೇಡಿ. ಅವರ ಹತ್ತಿರ ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಪಾಸ್‌ಪೋರ್ಟಿನ ಪ್ರತಿ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಆದರೆ ಬೇರೆ ದೇಶದ ಪೌರತ್ವ ತೆಗೆದುಕೊಂಡವರು, ಓಸಿಐ ಕಾರ್ಡಿನವರು (ಭಾರತ ಮೂಲದ ವಿದೇಶಿ ಪ್ರಜೆಗಳು) ಕೊಟ್ಟರೆ ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ ನೋಂದಣಿ, ಅಂದರೆ ವಿದೇಶಿ ದೇಣಿಗೆ ಪಡೆಯಲು ಕೇಂದ್ರ ಸರಕಾರದ ಅನುಮತಿ, ಇಲ್ಲದೆ ಮುಟ್ಟಬಾರದು. ಕೆನಡಾದ ಅಣ್ಣ, ದುಬೈಯ ತಮ್ಮ ಇಬ್ಬರೂ ಒಂದೇ ಅಲ್ಲ.

ದಾನಕ್ಕೆ ತೆರಿಗೆ ವಿನಾಯಿತಿಯ ರಸೀದಿ (80ಜಿ ಅಂತ ಕರೆಯುವುದು) ಕೊಡುವ ಟ್ರಸ್ಟ್ ಆದರೂ 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಹೇಗೂ ಇಲ್ಲ. ಸುಮ್ನೆ ಆಸೆ ತೋರಿಸಬೇಡಿ.

ಕಂಪನಿಗಳು ಸಮಾಜಸೇವೆಗೆ ಇಡುವ ಸಿಎಸ್‌ಆರ್ ದುಡ್ಡಿಗೆ ಮೂರು ವರ್ಷ ಕೆಲಸ ಮಾಡಿದ ದಾಖಲೆ, ಸಿಎಸ್‌ಆರ್-1 ನೋಂದಣಿ (ಆ ದುಡ್ಡು ಪಡೆಯುವ ಸಂಸ್ಥೆ ಮಾಡಿಸಬೇಕಾದದ್ದು) ಎಲ್ಲ ಕೇಳುತ್ತಾರೆ. ನಾಲ್ಕು ಸ್ನೇಹಿತರ ಗುಂಪಿಗೆ ಈಗಲೇ ಆಗದ ಮಾತು. ಇವೆಲ್ಲ ಇರುವ ಹಳೆಯ ಟ್ರಸ್ಟ್ ಒಂದರ ಜೊತೆ ಸೇರುವುದು ಸುಲಭ.

ಪಿಟೀಲು ಕಲಿಸುವವರು, ಉಡುಪಿ:

ದಾನ ಕೊಡುವವರು ದೊಡ್ಡವರ ಅಳತೆಯ ಪಿಟೀಲು ತರುತ್ತಾರೆ. ಎಂಟು ವರ್ಷದ ಮಗುವಿಗೆ ಅರ್ಧ ಅಳತೆಯದ್ದು ಬೇಕು, ಆಮೇಲೆ ಮುಕ್ಕಾಲು, ಆಮೇಲೆ ಪೂರ್ತಿ. ಹಾಗಾಗಿ ಯಾವ ಮಗುವಿಗೂ ಪಿಟೀಲು ಬಿಟ್ಟುಕೊಡಬೇಡಿ. ಕ್ಲಾಸಿನದ್ದೇ ಆಗಿರಲಿ, ಕೈ ಬೆಳೆದ ಹಾಗೆ ಬದಲಾಯಿಸಿ. ಮಳೆಗಾಲದ ಖರ್ಚು ಬೇರೆಯೇ ಬರೆದಿಡಿ. ನಮ್ಮ ಕರಾವಳಿಯ ತೇವಕ್ಕೆ ಪಿಟೀಲಿನ ಅಂಟು ಬಿಡುತ್ತದೆ, ತಂತಿ ಬಿಗಿಯುವ ಬಿರಡೆ ಉಬ್ಬಿ ತಿರುಗುವುದಿಲ್ಲ. ನುಡಿಸಿದ ಮೇಲೆ ಕಮಾನು ಸಡಿಲ ಮಾಡಿಸಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿಸಿ. ದುಡ್ಡು ಕೊಡಲು ಆಗದವರ ಹತ್ತಿರ ತಂತಿ, ಕಮಾನಿಗೆ ಉಜ್ಜುವ ರಾಳ ಕೇಳಿ.

ಕಾಪುವಿನಿಂದ:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ದೇವಸ್ಥಾನದ ಬ್ರಹ್ಮಕಲಶಕ್ಕೆ ಹೊರೆಕಾಣಿಕೆ ಕೊಡುವ ಊರು ನಮ್ಮದು. ಅಕ್ಕಿ, ತೆಂಗಿನಕಾಯಿ, ತರಕಾರಿ ಲಾರಿಗಟ್ಟಲೆ ಬರುತ್ತದೆ. ಅದೇ ಕ್ರಮದಲ್ಲಿ ಕೇಳಿ. ಒಂದು ಮನೆ ಮಕ್ಕಳ ತಿಂಡಿ ನೋಡಿಕೊಳ್ಳಲಿ, ಒಂದು ರಿಕ್ಷಾ ಸ್ಟ್ಯಾಂಡಿನವರು ಮಾಸ್ಟ್ರನ್ನು ಬಸ್ ಸ್ಟಾಪಿನಿಂದ ತಂದು ಬಿಡಲಿ. ಅಷ್ಟು ಖರ್ಚು ಪಟ್ಟಿಯಿಂದ ಹೋಯಿತು. ಕೃಷ್ಣಾಷ್ಟಮಿಗೆ ಹಾಕುವ ವೇಷವನ್ನೂ ಮರೆಯಬೇಡಿ. ಕಟಪಾಡಿಯ ರವಿ ಅವರು ವೇಷ ಹಾಕಿ ಕಾಯಿಲೆಯ ಮಕ್ಕಳಿಗೆ ದುಡ್ಡು ಒಟ್ಟು ಮಾಡಿದ್ದು ಎಲ್ಲರಿಗೂ ಗೊತ್ತು. ಅವರನ್ನು ಜನ ನಂಬುವುದು ಬಂದದ್ದನ್ನು ಎಲ್ಲರೆದುರು ಹಂಚುವುದರಿಂದ. ನೀವು ಡಬ್ಬಿ ಹಿಡಿದು ಹೊರಡುವುದಾದರೆ ಅದಕ್ಕೆ ಸೀಲು ಹಾಕಿ, ಶಾಲೆಯಲ್ಲಿ ಹೆತ್ತವರ ಎದುರೇ ಒಡೆದು ಎಣಿಸಿ, ಮೊತ್ತವನ್ನು ನೋಟಿಸ್ ಬೋರ್ಡಿಗೆ ಅಂಟಿಸಿ.