ಮಾಂಕ್, ಫ್ರಯರ್ – ಇಬ್ಬರೂ ‘ಸನ್ಯಾಸಿ’ಯೇ?

ಬಳಗದವರಿಗೆ ನಮಸ್ಕಾರ.

ಹದಿಮೂರನೆಯ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವೈನಸ್ ಬಗೆಗಿನ ಒಂದು ಕನ್ನಡ ಲೇಖನದ ಕರಡನ್ನು ತಿದ್ದುತ್ತಿದ್ದೇನೆ. ಅದರಲ್ಲಿ ಹೀಗೊಂದು ವಾಕ್ಯವಿದೆ: ‘ಸನ್ಯಾಸಿಯಾಗಲು ಹೊರಟ ಮಗನನ್ನು ಮನೆಯವರು ಹಿಡಿದು ತಂದು ಕೂಡಿಹಾಕಿದರು.’ ಸರಾಗವಾಗಿ ಓದಿಸಿಕೊಳ್ಳುತ್ತದೆ. ಮಗ ಸನ್ಯಾಸಿಯಾಗುತ್ತೇನೆಂದರೆ ಯಾವ ಮನೆಯವರು ಒಪ್ಪುತ್ತಾರೆ? ಆದರೆ ಥಾಮಸನನ್ನು ಐದರ ವಯಸ್ಸಿನಲ್ಲಿ ಇಟಲಿಯ ಮೊಂಟೆ ಕಸ್ಸಿನೊ ಮಠಕ್ಕೆ ಒಪ್ಪಿಸಿದವರು ಈ ಮನೆಯವರೇ. ಮುಂದೆ ಅವನು ಅಲ್ಲಿನ ಮಠಾಧಿಪತಿಯಾಗಲಿ ಎಂಬುದು ಅವರ ಆಸೆಯಾಗಿತ್ತು. ಹುಡುಗ ನೇಪಲ್ಸ್‌ಗೆ ಓದಲು ಹೋದವನು 1244ರಲ್ಲಿ ಡೊಮಿನಿಕ್‌ನ ಸಭೆಗೆ (ಇಂಗ್ಲಿಷಿನಲ್ಲಿ ‘ಆರ್ಡರ್’ ಎನ್ನುವ ಸನ್ಯಾಸಿಗಳ ಸಂಘಕ್ಕೆ) ಸೇರಿಬಿಟ್ಟ. ಅಣ್ಣಂದಿರು ದಾರಿಯಲ್ಲೇ ಹಿಡಿದು ತಂದರು, ಸುಮಾರು ಒಂದು ವರ್ಷ ಕೋಟೆಮನೆಯಲ್ಲಿ ಇಟ್ಟುಕೊಂಡರು. ಅವರ ತಕರಾರು ಸನ್ಯಾಸದ ಮೇಲಲ್ಲ, ಮಾಂಕ್ ಆಗಬೇಕಾದವನು ಫ್ರಯರ್ ಆದನಲ್ಲ ಎಂಬುದರ ಮೇಲೆ. ಎರಡಕ್ಕೂ ‘ಸನ್ಯಾಸಿ’ ಎಂದರೆ ಕಥೆಗೆ ಅರ್ಥವೇ ಇಲ್ಲ.

ಮೊಂಟೆ ಕಸ್ಸಿನೊ ಮಠವನ್ನು ಕಟ್ಟಿದ ಬೆನೆಡಿಕ್ಟ್ ಆರನೆಯ ಶತಮಾನದಲ್ಲಿ ಬರೆದ ನಿಯಮಾವಳಿಯಲ್ಲಿ 73 ಅಧ್ಯಾಯಗಳಿವೆ. ಅದರಂತೆ ಬಾಳುವ ಮಾಂಕ್, ಸೇರಿದ ಮಠದಲ್ಲೇ ಕಡೆಯವರೆಗೂ ನೆಲೆ ನಿಲ್ಲುವೆನೆಂದು ಪ್ರತಿಜ್ಞೆ ಮಾಡುತ್ತಾನೆ. ಮಠದಿಂದ ಮಠಕ್ಕೆ ಅಲೆಯುತ್ತ, ಒಂದೊಂದು ಕಡೆ ಮೂರು ನಾಲ್ಕು ದಿನ ಉಂಡು ಮುಂದೆ ಸಾಗುವವರನ್ನು ಬೆನೆಡಿಕ್ಟ್ ಮೊದಲ ಅಧ್ಯಾಯದಲ್ಲೇ ತರಾಟೆಗೆ ತೆಗೆದುಕೊಂಡಿದ್ದಾನೆ. ಮಾಂಕ್‌ಗೆ ಸ್ವಂತದ್ದೆಂಬುದು ಏನೂ ಇರಕೂಡದು. ಮಠಕ್ಕೆ ಮಾತ್ರ ಹೊಲ, ತೋಟ, ಒಕ್ಕಲು ಎಲ್ಲವೂ ಉಂಟು. ಹಾಗಾಗಿ ಮೊಂಟೆ ಕಸ್ಸಿನೊದ ಗದ್ದುಗೆ ಎಂದರೆ ಶ್ರೀಮಂತ ಮನೆತನಗಳ ಕಣ್ಣು ಅಲ್ಲಿಯೇ.

ಫ್ರಯರ್ ಹುಟ್ಟಿದ್ದು ಹದಿಮೂರನೆಯ ಶತಮಾನದಲ್ಲಿ. ಅಸ್ಸಿಸಿಯ ಫ್ರಾನ್ಸಿಸ್‌ಗೆ ಪೋಪ್ ಮೂರನೆಯ ಇನ್ನೊಸೆಂಟ್ 1209ರಲ್ಲಿ ಬಾಯಿಮಾತಿನ ಒಪ್ಪಿಗೆ ಕೊಟ್ಟ. ಡೊಮಿನಿಕ್‌ನ ಸಭೆಗೆ 1216ರಲ್ಲಿ ಮನ್ನಣೆ ಸಿಕ್ಕಿತು. ಇವರು ನಿಂತದ್ದು ಪೇಟೆಯ ಬೀದಿಯಲ್ಲಿ, ವಿಶ್ವವಿದ್ಯಾಲಯಗಳಲ್ಲಿ. ಕೆಲಸ ಬೋಧನೆ, ಊಟ ಭಿಕ್ಷೆಯದು. ಒಬ್ಬೊಬ್ಬರಿಗಷ್ಟೇ ಅಲ್ಲ, ಇಡೀ ಸಭೆಗೂ ಆಸ್ತಿ ಬೇಡವೆಂಬುದು ಆರಂಭದ ಹಟ. ಅಕ್ವಿನೊ ಮನೆತನದ ಕುಡಿ ಮನೆಮನೆಯ ಮುಂದೆ ಕೈಯೊಡ್ಡುವುದೇ? ಅಣ್ಣಂದಿರ ಸಿಟ್ಟು ಈಗ ಅರ್ಥವಾಗುತ್ತದೆ.

ಮಾಂಕ್‌ಗೆ ‘ಮಠವಾಸಿ’ ಎಂದರೆ ನಡೆದೀತು. ಪೇಚಾಟ ಫ್ರಯರ್‌ನದು. ‘ಭಿಕ್ಷು’ ಎಂದೊಡನೆ ಓದುಗರ ಕಣ್ಣ ಮುಂದೆ ಬೌದ್ಧ ವಿಹಾರ ಬಂದು ನಿಲ್ಲುತ್ತದೆ. ‘ಪರಿವ್ರಾಜಕ’ ಒಂಟಿ ಸಂಚಾರಿ. ಫ್ರಯರ್‌ಗೆ ಮರಳಿ ಹೋಗಲು ಒಂದು ಮನೆ ಇದೆ, ಮೇಲೊಬ್ಬ ಹಿರಿಯನಿದ್ದಾನೆ. ನಮ್ಮ ಸ್ಥಾವರ–ಜಂಗಮ ಜೋಡಿ ಇಲ್ಲಿಗೆ ಹೇಳಿ ಮಾಡಿಸಿದಂತಿದೆ ಎಂದು ನನಗೂ ಆಸೆ ಹುಟ್ಟಿತ್ತು. ಆದರೆ ಗುರು–ಲಿಂಗ–ಜಂಗಮದ ಜಂಗಮ ಪೂಜೆಗೊಳ್ಳುವವನು. ಫ್ರಾನ್ಸಿಸ್ ತನ್ನವರಿಗೆ ಇಟ್ಟ ಹೆಸರು ‘ಕಿರಿಯ ಸೋದರರು’. ಭಾವವೇ ತಿರುಗುಮುರುಗು. ಅದಲ್ಲದೆ ಜಂಗಮ ಇಂದು ಸಮುದಾಯವೊಂದರ ಹೆಸರೂ ಹೌದು, ಆ ಗೊಂದಲ ಬೇಡ. ಫ್ರಯರ್ ಎಂಬುದರ ಬೇರು ಲ್ಯಾಟಿನ್ನಿನ ‘ಫ್ರಾತೆರ್’, ಅಂದರೆ ಸೋದರ. ಅದನ್ನು ಹಿಡಿದು ‘ಭಿಕ್ಷಾಸೋದರ’ ಎಂದು ಬರೆದುಕೊಂಡಿದ್ದೇನೆ. ಕಿವಿಗೆ ಹೊಸದು, ಆದರೆ ಸುಳ್ಳಲ್ಲ.

‘ಪಾದ್ರಿ’ ಇಲ್ಲಿ ಉಪಯೋಗಕ್ಕೆ ಬಾರದು. ಪೋರ್ಚುಗೀಸರಿಂದ ಬಂದ ಆ ಪದ ಯಾಜಕ ದೀಕ್ಷೆ ಪಡೆದವನನ್ನು ಸೂಚಿಸುತ್ತದೆ. ಫ್ರಾನ್ಸಿಸ್ ಯಾಜಕನಾಗಲೇ ಇಲ್ಲ. ‘ಕನ್ಯಾಸ್ತ್ರೀ’ಯೂ ಎಲ್ಲೆಡೆ ಹೊಂದುವುದಿಲ್ಲ: 1610ರಲ್ಲಿ ಫ್ರಾನ್ಸಿಸ್ ದ ಸಾಲ್ಸ್ ಜೊತೆ ಸೇರಿ ವಿಸಿಟೇಶನ್ ಸಭೆಯನ್ನು ಕಟ್ಟಿದ ಜಾನ್ ದ ಶಾಂತಾಲ್ ಮಕ್ಕಳಿದ್ದ ವಿಧವೆ. ಅಂದ ಹಾಗೆ, ‘ಸಭೆ’ ಎಂದು ನಾನು ಬರೆಯುತ್ತಿರುವುದು ‘ಯೇಸು ಸಭೆ’ (ಜೆಸ್ವಿಟರ ಸಂಘ) ಎಂಬ ಕಥೋಲಿಕರ ರೂಢಿಯನ್ನು ಅನುಸರಿಸಿ. ಪ್ರೊಟೆಸ್ಟೆಂಟ್ ಓದುಗರು ಅದನ್ನು ಚರ್ಚ್ ಎಂದೇ ತಿಳಿದಾರು.

ಹಾಗೆಂದು ‘ಸನ್ಯಾಸಿ’ಯನ್ನು ಪೂರ್ತಿ ಕೈಬಿಡುವಂತಿಲ್ಲ. 1540ರಲ್ಲಿ ಮನ್ನಣೆ ಪಡೆದ ಇಗ್ನೇಷಿಯಸ್ ಲೊಯೋಲನ ಯೇಸು ಸಭೆಯವರು ಮಾಂಕ್‌ಗಳೂ ಅಲ್ಲ, ಫ್ರಯರ್‌ಗಳೂ ಅಲ್ಲ; ಅವರಿಗೆ ತಮ್ಮದೇ ಆದ ಉಡುಪೂ ಇರಲಿಲ್ಲ, ಕೂಡಿ ಹಾಡುವ ಗಂಟೆಗಂಟೆಯ ಪ್ರಾರ್ಥನೆಯೂ ಇರಲಿಲ್ಲ. ಯುರೋಪಿನಲ್ಲಿ ‘ಸನ್ಯಾಸಿ’ ಎಂಬ ಹೆಸರು ಎಲ್ಲರಿಗಿಂತ ಕಡಿಮೆ ಒಪ್ಪುವುದು ಇವರಿಗೇ. ಆದರೆ ಮಧುರೆಯಲ್ಲಿ ಇದೇ ಸಭೆಯ ರಾಬರ್ಟ್ ದೆ ನೊಬಿಲಿ, ಅವನ ಜಾಡಿನಲ್ಲಿ ಹದಿನೇಳನೆಯ ಶತಮಾನದ ನಡುವೆ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ದೊ ಚಿನ್ನಾಮಿ, ಸನ್ಯಾಸಿಯ ವೇಷದಲ್ಲೇ ಬದುಕಿದರು. ಅವರ ಮಟ್ಟಿಗೆ ಈ ಪದ ಅನುವಾದವಲ್ಲ, ಆಯ್ದುಕೊಂಡ ಬಾಳು. ಆದ್ದರಿಂದ ‘ಸನ್ಯಾಸಿ’ ಒಟ್ಟು ವರ್ಗಕ್ಕೆ ಇರಲಿ, ಒಳಭೇದ ಬೇಕಾದಲ್ಲಿ ‘ಮಠವಾಸಿ’, ‘ಭಿಕ್ಷಾಸೋದರ’ ಬರಲಿ ಎಂಬುದು ನನ್ನ ಸದ್ಯದ ನಿಲುವು.

ಇದನ್ನು ಕೆಡಿಸಲೆಂದೇ ಅಗಸ್ಟೀನಿಯನ್ನರು ಇದ್ದಾರೆ. ಬಟಾಣಿ ಗಿಡಗಳ ಮೆಂಡೆಲ್ ಆ ಸಭೆಯ ಫ್ರಯರ್. 1868ರಲ್ಲಿ ಬ್ರನೋದ ಮಠಾಧಿಪತಿಯಾದ. ‘ಭಿಕ್ಷಾಸೋದರನು ಮಠಾಧಿಪತಿಯಾದನು’ ಎಂದು ಬರೆದರೆ ಸಂಪಾದಕರು ನನ್ನನ್ನು ಮನೆಗೆ ಕಳಿಸುತ್ತಾರೆ.

ಎರಡು ಪ್ರಶ್ನೆಗಳು. ‘ಭಿಕ್ಷಾಸೋದರ’ಕ್ಕಿಂತ ಹಗುರಾದ, ಬಳಕೆಯಲ್ಲಿರುವ ಪದ ಯಾರಿಗಾದರೂ ಗೊತ್ತೇ? ಮತ್ತು ಮಂಗಳೂರು, ಮೈಸೂರು ಕಡೆಯ ಕಥೋಲಿಕ ಗೆಳೆಯರು ಕನ್ನಡದಲ್ಲಿ ಮಾತನಾಡುವಾಗ ಫ್ರಾನ್ಸಿಸ್‌ನ ಪರಂಪರೆಯ ಕಪುಚಿನ್ ಸಭೆಯವರನ್ನು, ಅವರಲ್ಲಿ ಯಾಜಕರಾಗದವರನ್ನು, ಏನೆಂದು ಕರೆಯುತ್ತಾರೆ?