ಮುಂಬೈ ಲೋಕಲ್ ರೈಲಿನಿಂದ ಬಿದ್ದು ಭಾವ ಹೋದರು, ಪಂಚನಾಮೆಯಲ್ಲಿ ಹಳಿ ದಾಟುವಾಗ ಅಂತಿದೆ. ಪರಿಹಾರ ಸಿಗುತ್ತಾ?

ಡೊಂಬಿವಲಿ ಕುಂದಾಪುರಿಗ:
ಎಲ್ಲರಿಗೂ ನಮಸ್ಕಾರ. ಭಾವ ಮುಂಬೈ ಪಕ್ಕದ ಠಾಣೆ ಊರಿನ ಒಂದು ಹೋಟೆಲಿನಲ್ಲಿ ಕ್ಯಾಷಿಯರ್ ಆಗಿದ್ದರು. ಮಳೆಗಾಲದಲ್ಲಿ ಬೆಳಿಗ್ಗೆ ಡೊಂಬಿವಲಿಯಲ್ಲಿ ಗಾಡಿ ಹತ್ತಿದವರು ಠಾಣೆ ಮುಟ್ಟಲೇ ಇಲ್ಲ. ದಿವಾ ಸ್ಟೇಷನ್ ದಾಟಿದ ಮೇಲೆ ಬಾಗಿಲಿನಿಂದ ಬಿದ್ದರು ಅಂತ ಅದೇ ಡಬ್ಬಾದಲ್ಲಿದ್ದ ಒಬ್ಬರು ಹೇಳಿದರು. ಆದರೆ ರೈಲ್ವೆ ಪೊಲೀಸರ ಪಂಚನಾಮೆಯಲ್ಲಿ ಹಳಿ ದಾಟುವಾಗ ಗಾಡಿ ಬಡಿದು ಸಾವು ಅಂತ ಬರೆದಿದ್ದಾರೆ. ಪರ್ಸಿನಲ್ಲಿ ಆಧಾರ್ ಕಾರ್ಡು, ಸ್ವಲ್ಪ ದುಡ್ಡು ಅಷ್ಟೇ ಸಿಕ್ಕಿದ್ದು. ಪಾಸ್ ರೈಲ್ವೆ ಟಿಕೆಟಿನ ಯುಟಿಎಸ್ ಆಪ್‌ನಲ್ಲಿತ್ತು, ಫೋನ್ ಪುಡಿಪುಡಿ. ಪಾಸ್ ತೋರಿಸಲು ಆಗದಿದ್ದರೆ ಕೇಸು ಬಿದ್ದುಹೋಗುತ್ತಾ? ಬಾಗಿಲಲ್ಲಿ ನಿಂತಿದ್ದು ಅವರದೇ ತಪ್ಪು ಅಂತಾರಾ? ಆಸ್ಪತ್ರೆ ಹತ್ತಿರವೇ ಒಬ್ಬ ಬಂದು ಖಾಲಿ ವಕಾಲತ್ತಿಗೆ ಅಕ್ಕನ ಸಹಿ ಕೇಳಿದ, ಸಿಕ್ಕಿದ್ದರಲ್ಲಿ ಕಾಲು ಭಾಗ ತನಗೆ ಅಂತ. ಅಕ್ಕ ಇನ್ನೂ ಸಹಿ ಮಾಡಿಲ್ಲ.

ಠಾಣೆ ವಕೀಲೆ:
ತಮ್ಮಾ, ತುಂಬಾ ಬೇಜಾರಾಯ್ತು. ಮೊದಲು ಆ ಮನುಷ್ಯನನ್ನು ದೂರ ಇಡಿ. ಗೆದ್ದ ದುಡ್ಡಿನಲ್ಲಿ ಪಾಲು ಕೇಳುವುದು ವಕೀಲರಿಗೆ ನಿಷಿದ್ಧ, ಬಾರ್ ಕೌನ್ಸಿಲ್ ನಿಯಮವೇ ಹಾಗಿದೆ. ಫೀಸು ಕೊಡುವ ಶಕ್ತಿ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರನ್ನು ಉಚಿತವಾಗಿ ಕೊಡುತ್ತಾರೆ.

ಬಾಗಿಲಿನ ವಿಷಯಕ್ಕೆ ಹೆದರಬೇಡಿ. 1989ರ ರೈಲ್ವೆ ಕಾಯ್ದೆಯ 124ಎ ಕಲಮಿನ ಪ್ರಕಾರ ಪ್ರಯಾಣಿಕ ಆಕಸ್ಮಿಕವಾಗಿ ಗಾಡಿಯಿಂದ ಬಿದ್ದರೆ ರೈಲ್ವೆಯ ತಪ್ಪಿತ್ತಾ ಇಲ್ವಾ ಅಂತ ನೋಡುವ ಹಾಗೇ ಇಲ್ಲ, ಪರಿಹಾರ ಕೊಡಲೇಬೇಕು. ಆತ್ಮಹತ್ಯೆ, ಕುಡಿದ ಮತ್ತು, ಸ್ವಂತ ಅಪರಾಧ ಕೃತ್ಯ, ಕಾಯಿಲೆಯಿಂದ ಬಂದ ಸಾವು, ಇಂಥವಕ್ಕೆ ಮಾತ್ರ ಇಲ್ಲ. ಬಾಗಿಲಲ್ಲಿ ನಿಲ್ಲುವುದು ಅಜಾಗರೂಕತೆ ಇರಬಹುದು, ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಜಮೀಲಾ ಪ್ರಕರಣದಲ್ಲಿ ಹೇಳಿದೆ. 2025ರ ಜೂನ್‌ನಲ್ಲಿ ಮುಂಬ್ರಾ ತಿರುವಿನಲ್ಲಿ ಎದುರುಬದುರು ಬಂದ ಎರಡು ಲೋಕಲ್‌ಗಳಿಂದ ಜನ ಬಿದ್ದು ಸತ್ತರಲ್ಲ, ಅವರಾರೂ ಮೋಜಿಗೆ ಬಾಗಿಲಿಗೆ ಜೋತುಬಿದ್ದವರಲ್ಲ. ಒಳಗೆ ಕಾಲಿಡಲು ಜಾಗ ಇದ್ದರೆ ತಾನೇ?

ಪಾಸ್ ಸಿಗದಿದ್ದರೂ ಕೇಸು ಬೀಳುವುದಿಲ್ಲ. 2018ರ ರೀನಾ ದೇವಿ ತೀರ್ಪು ಅದನ್ನೇ ಹೇಳುತ್ತದೆ: ಮನೆಯವರು ಅಫಿಡವಿಟ್ ಕೊಟ್ಟು ಇರುವ ಸಂಗತಿಗಳನ್ನು ಮುಂದಿಟ್ಟರೆ, ಸತ್ತವರು ಪ್ರಯಾಣಿಕರಲ್ಲ ಅಂತ ತೋರಿಸುವ ಹೊರೆ ರೈಲ್ವೆ ಮೇಲೆ ಬೀಳುತ್ತದೆ. ಭಾವನ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ, ಪಾಸಿಗೆ ದುಡ್ಡು ಕಟ್ಟಿದ ಸಾಲುಗಳು ಅದರಲ್ಲಿ ಇರುತ್ತವೆ. ಹೋಟೆಲಿನ ಹಾಜರಿ ಪುಸ್ತಕದ ಪ್ರತಿಯೂ ಇರಲಿ.

ನಿಮ್ಮ ನಿಜವಾದ ಕಷ್ಟ ಪಂಚನಾಮೆ. ಹಳಿ ದಾಟಿದ್ದು ಅಂತಲೇ ಉಳಿದರೆ ಈ ಕಲಮಿನಲ್ಲಿ ಏನೂ ಸಿಗುವುದಿಲ್ಲ. ಆ ಡಬ್ಬಾದವರ ಹೇಳಿಕೆಯೇ ಈಗ ಜೀವಾಳ.

ಚೆಂಬೂರು ಶೆಟ್ರು:
ನಮ್ಮ ಚಿಕ್ಕಪ್ಪನ ಮಗನ ವಿಷಯದಲ್ಲೂ ಹಾಗೇ ಬರೆದಿದ್ದರು. ನಾವು ಸ್ಟೇಷನ್ ಮಾಸ್ಟರ್ ಪೊಲೀಸರಿಗೆ ಕಳಿಸಿದ ಮೆಮೋ ಪ್ರತಿ ತೆಗೆಸಿದೆವು. ಅದರಲ್ಲಿ ಯಾರೋ ಗಾಡಿಯಿಂದ ಬಿದ್ದಿದ್ದಾರೆ ಅಂತ ಚೀಟಿಯಷ್ಟು ಸಣ್ಣ ಹಾಳೆಯಲ್ಲಿ ಪೆನ್ನಿನಲ್ಲಿ ಬರೆದಿತ್ತು, ಸಮಯದ ಸಮೇತ. ಪಂಚನಾಮೆಗಿಂತ ಮೊದಲು ಬರೆದದ್ದು ಅದು, ನಮ್ಮ ಕೇಸು ಅದರ ಮೇಲೇ ನಿಂತಿತು. ನೀವೂ ಕೇಳಿ, ಬಾಯಲ್ಲಿ ಅಲ್ಲ, ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಪ್ಲಾಟ್‌ಫಾರ್ಮಿನ ಸಿಸಿಟಿವಿಗೂ ಇವತ್ತೇ ಬರೆದುಕೊಡಿ, ಹಳೇದು ಅಳಿಸಿಹೋಗುತ್ತದೆ. ಪೋಸ್ಟ್‌ಮಾರ್ಟಂ ವರದಿ ಬಿಡಬೇಡಿ.

ಇನ್ನೊಂದು, ಆ ಸಾಕ್ಷಿ ಹತ್ತಿರ ಸುಮ್ನೆ ಫೋನಿನಲ್ಲಿ ಮಾತಾಡಿ ಬಿಡಬೇಡಿ. ಜನ ಊರು ಬಿಡ್ತಾರೆ, ನಂಬರ್ ಬದಲಾಗುತ್ತದೆ. ಮನೆಗೆ ಹೋಗಿ ಕೈಮುಗಿದು ಕೇಳಿ ಅಫಿಡವಿಟ್ ಮಾಡಿಸಿ.

ಡೊಂಬಿವಲಿ ಕುಂದಾಪುರಿಗ:
ಅಣ್ಣಾ, ಮೇಡಂ, ಇಬ್ಬರಿಗೂ ಋಣಿ. ಆ ಸಾಕ್ಷಿ ಕಲ್ವಾದಲ್ಲಿದ್ದಾರೆ, ಭಾನುವಾರ ಹೋಗ್ತೀನಿ. ಭಾವನ ಅಮ್ಮನೂ ಭಾವನ ದುಡಿಮೆಯನ್ನೇ ನಂಬಿಕೊಂಡಿದ್ದರು, ಅಮ್ಮನ ಹೆಸರೂ ಅರ್ಜಿಯಲ್ಲಿ ಸೇರಿಸಬಹುದಾ? ಮೊತ್ತ ಎಷ್ಟು, ಗಡುವು ಎಷ್ಟು?

ಠಾಣೆ ವಕೀಲೆ:
ಖಂಡಿತ ಸೇರಿಸಿ. ಹೆಂಡತಿ, ಮಕ್ಕಳ ಜೊತೆ, ಮಗನ ದುಡಿಮೆಯನ್ನು ಪೂರ್ತಿ ಇಲ್ಲವೇ ಸ್ವಲ್ಪವಾದರೂ ನಂಬಿದ್ದ ತಾಯಿಯೂ ಅವಲಂಬಿತರೇ. ಸಾವಿಗೆ 8 ಲಕ್ಷ, 2017ರ ಜನವರಿಯಿಂದ ಇದೇ ಮೊತ್ತ, ಮೊದಲು 4 ಲಕ್ಷ ಇತ್ತು. ಸಂಬಳ ಜಾಸ್ತಿ ಇತ್ತು ಅಂತ ಹೆಚ್ಚಾಗುವುದಿಲ್ಲ, ರಸ್ತೆ ಅಪಘಾತದ ಕೇಸಿನ ಹಾಗಲ್ಲ ಇದು. ಘಟನೆ ನಡೆದ ದಿನದಿಂದ ಒಂದು ವರ್ಷದೊಳಗೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ನಲ್ಲಿ ಅರ್ಜಿ ಹಾಕಬೇಕು. ತಡವಾದರೆ ಸರಿಯಾದ ಕಾರಣ ಕೊಟ್ಟು ಕ್ಷಮೆ ಕೇಳಬಹುದು, ಆದರೆ ಆ ತಾಪತ್ರಯ ಯಾಕೆ? ಅಲ್ಲಿ ಸೋತರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು. ಅಕ್ಕನ ಹೆಸರಿನಲ್ಲೇ ಬ್ಯಾಂಕ್ ಖಾತೆ ಇರಲಿ, ಪಾಸ್‌ಬುಕ್ ಅವರ ಕೈಯಲ್ಲೇ ಇರಲಿ.