ಸಹಾಯ ಬೇಕು: ಅಮ್ಮನ ಸಂಧಿವಾತ ಮತ್ತು ವೇಗಸ್ ನರದ ಚಿಕಿತ್ಸೆ

ನಾವು ತೀರ್ಥಹಳ್ಳಿ ಕಡೆಯವರು. ಅಮ್ಮನಿಗೆ ರುಮಟಾಯ್ಡ್ ಸಂಧಿವಾತ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ನಡೆಯುತ್ತಿದೆ. ಆದರೂ ಮಳೆಗಾಲದ ಬೆಳಗ್ಗೆ ಬೆರಳು ಮಡಚಲಾಗದು. ಮೆಟ್ಟುಗತ್ತಿಯ ಮುಂದೆ ಕುಳಿತರೆ ಹಸಿ ಅಡಿಕೆ ಕೈಯಿಂದ ಜಾರುತ್ತದೆ. ಸುಲಿಯುವುದನ್ನು ಬಿಡು ಎಂದರೆ ಕೇಳುವವರಲ್ಲ.

ಮಿದುಳಿನಿಂದ ಕುತ್ತಿಗೆಯ ಮೂಲಕ ಹೃದಯ, ಹೊಟ್ಟೆಯವರೆಗೆ ಇಳಿಯುವ ವೇಗಸ್ ನರಕ್ಕೆ ಲಘು ವಿದ್ಯುತ್ ಕೊಟ್ಟರೆ, ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಎಂಬ ಪ್ರೋಟೀನ್‌ನ ಉತ್ಪತ್ತಿ ತಗ್ಗುತ್ತದೆ ಎಂಬುದನ್ನು ಅಮೆರಿಕದ ವಿಜ್ಞಾನಿ ಕೆವಿನ್ ಟ್ರೇಸಿ ಪ್ರಾಣಿಗಳಲ್ಲಿ ತೋರಿಸಿದ್ದರು. ಅದೇ ಜಾಡಿನಲ್ಲಿ ಬಂದ ಸೆಟ್‌ಪಾಯಿಂಟ್ ಎಂಬ ಸಾಧನಕ್ಕೆ 2025ರ ಜುಲೈನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ. ಶಸ್ತ್ರಚಿಕಿತ್ಸೆಯಿಂದ ಕುತ್ತಿಗೆಯೊಳಗೆ ಕೂರಿಸಬೇಕು. ದಿನಕ್ಕೆ 1 ನಿಮಿಷ ಕೆಲಸ ಮಾಡುತ್ತದೆ. 242 ರೋಗಿಗಳ ಮೇಲೆ ಪರೀಕ್ಷೆ ನಡೆದಿತ್ತು. ಆದರೆ ಆ ಸಾಧನ ಬಯೋಲಾಜಿಕ್‌ನಂತಹ ದುಬಾರಿ ಔಷಧಗಳಿಗೂ ಬಗ್ಗದವರಿಗೆ, ಅವು ಒಗ್ಗದವರಿಗೆ. ಅಮ್ಮ ಇನ್ನೂ ಆ ಹಂತಕ್ಕೆ ಹೋಗಿಲ್ಲ.

ಈಗ ನೆಂಟರೊಬ್ಬರು, ಇದೇ ನರಕ್ಕೆ ಹೊರಗಿನಿಂದ ವಿದ್ಯುತ್ ಕೊಡುತ್ತದೆ ಎನ್ನುವ, ಕಿವಿಗೆ ಸಿಕ್ಕಿಸುವ ಕ್ಲಿಪ್ ಯಂತ್ರವನ್ನು ಆನ್‌ಲೈನ್‌ನಲ್ಲಿ ತರಿಸೋಣ ಎಂದು ಹಟ ಹಿಡಿದಿದ್ದಾರೆ. ಎರಡೂ ಒಂದೇ ಎಂದು ನನಗಂತೂ ಅನ್ನಿಸುವುದಿಲ್ಲ. ಈ ನರ ಹೃದಯಕ್ಕೂ ಹೋಗುವುದರಿಂದ ಭಯ; ಅಮ್ಮನ ನಾಡಿಬಡಿತ ಬೇರೆ ಮೊದಲಿನಿಂದಲೂ ನಿಧಾನ. ಯಾರಾದರೂ ವೈದ್ಯರ ಸಲಹೆಯ ಮೇರೆಗೆ ಆ ಕ್ಲಿಪ್ ಬಳಸಿದ್ದೀರಾ? ಶಿವಮೊಗ್ಗದಲ್ಲೇ ಒಳ್ಳೆಯ ಸಂಧಿವಾತ ತಜ್ಞರಿದ್ದಾರೆಯೇ, ಇಲ್ಲ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೇ ಹೋಗಬೇಕೇ? ಬಯೋಲಾಜಿಕ್ ಇಂಜೆಕ್ಷನ್ ತೆಗೆದುಕೊಂಡವರು ಖರ್ಚಿನ ಅಂದಾಜನ್ನೂ ತಿಳಿಸಿ.

ಮಾತ್ರೆ ನಿಲ್ಲಿಸಿ ಎಣ್ಣೆ ಹಚ್ಚಿ ಎನ್ನುವ ಸಲಹೆ ದಯವಿಟ್ಟು ಬೇಡ. ಅದು ಊರಲ್ಲೇ ಬೇಕಾದಷ್ಟು ಸಿಗುತ್ತಿದೆ.